ಮೇರಿ ಪಿಕ್‌ಫರ್ಡ್ ವೃತ್ತಿಜೀವನ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂಕಿ ಚಿತ್ರಗಳ ಕಾಲದ ಹಾಲಿವುಡ್ ಎಂದಾಕ್ಷಣ ಕಣ್ಣ ಮುಂದೆ ಬರುವುದು ಬಿದಿರುಕೋಲು ಹಿಡಿದ ಚಾಪ್ಲಿನ್. ಅವರಷ್ಟೇ ದೊಡ್ಡ ತಾರೆಯಾಗಿದ್ದ, ಸಂಭಾವನೆಯಲ್ಲಿ ಅವರೊಡನೆ ಪೈಪೋಟಿ ನಡೆಸಿ, ಕೊನೆಗೆ ಅವರ ಜೊತೆ ಪಾಲುದಾರಿಕೆಯಲ್ಲಿ ಕಂಪನಿಯನ್ನೇ ಕಟ್ಟಿದ ಮೇರಿ ಪಿಕ್‌ಫರ್ಡ್ ಅವರನ್ನು ಇಂದು ಬಲ್ಲವರು ಕಡಿಮೆ. ಬಲ್ಲವರ ನೆನಪಿನಲ್ಲಿಯೂ ಉಳಿದಿರುವುದು ಗುಂಗುರು ಕೂದಲಿನ ಒಂದು ಭಾವಚಿತ್ರ ಮಾತ್ರ. ಇಲ್ಲಿನ ಉತ್ತರಗಳು ಆ ಭಾವಚಿತ್ರಕ್ಕಿಂತ ಅವರು ಸಹಿ ಹಾಕಿದ ಕರಾರುಪತ್ರಗಳ ಕಡೆಗೆ ಹೆಚ್ಚು ವಾಲಿವೆ. ಅವರ ವೃತ್ತಿಜೀವನ ಅಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಇದನ್ನು ಬರೆದವನ ನಂಬಿಕೆ.

ಮೇರಿ ಪಿಕ್‌ಫರ್ಡ್ ಯಾರು? ಅವರ ನಿಜವಾದ ಹೆಸರು ಅದೇನೇ?

ಅಲ್ಲ. ಅವರ ಹುಟ್ಟುಹೆಸರು ಗ್ಲಾಡಿಸ್ ಲೂಯಿಸ್ ಸ್ಮಿತ್. 1892ರ ಏಪ್ರಿಲ್ 8ರಂದು ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಹುಟ್ಟಿದರು. ಮುಂದೆ ಇಡೀ ಅಮೆರಿಕ ‘ನಮ್ಮ ಮುದ್ದಿನ ಹುಡುಗಿ’ ಎಂದು ಮೆರೆಸಿದ್ದು ಅಮೆರಿಕದಲ್ಲಿ ಹುಟ್ಟದವಳೊಬ್ಬಳನ್ನು ಎಂಬುದು ಆಗಲೂ ಹಲವರಿಗೆ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ. 1909ರಿಂದ 1933ರವರೆಗೆ ಅವರು ಚಿತ್ರಗಳಲ್ಲಿ ನಟಿಸಿದರು. ಮೊದಲ ಕೆಲವು ವರ್ಷಗಳಲ್ಲಿ ಮಾಡಿದ ನೂರಕ್ಕೂ ಹೆಚ್ಚು ಕಿರುಚಿತ್ರಗಳನ್ನು ಬಿಟ್ಟು ಪೂರ್ಣಾವಧಿಯ ಚಿತ್ರಗಳೇ ಐವತ್ತರ ಆಸುಪಾಸಿನಲ್ಲಿವೆ. ನಟಿ ಮಾತ್ರವಲ್ಲ, ನಿರ್ಮಾಪಕಿ, ಸ್ಟುಡಿಯೊ ಒಡತಿ ಮತ್ತು ವಿತರಣಾ ಕಂಪನಿಯ ಪಾಲುದಾರಳೂ ಆಗಿದ್ದರು.

ನಟನೆಗೆ ಬಂದದ್ದು ಹೇಗೆ?

ಹೊಟ್ಟೆಪಾಡಿಗಾಗಿ ಎಂಬುದೇ ನೇರ ಉತ್ತರ. ಮೇರಿಗೆ ಆರು ವರ್ಷ ತುಂಬುವ ಮೊದಲೇ, 1898ರಲ್ಲಿ ತಂದೆ ತೀರಿಕೊಂಡರು. ತಾಯಿ ಷಾರ್ಲಟ್ ಹೊಲಿಗೆ ಮಾಡುತ್ತ, ಮನೆಯ ಕೋಣೆಯನ್ನು ಬಾಡಿಗೆಗೆ ಕೊಡುತ್ತ ಮೂವರು ಮಕ್ಕಳನ್ನು ಸಾಕಿದರು. ಬಾಡಿಗೆಗೆ ಬಂದವರಲ್ಲಿ ಒಬ್ಬರು ನಾಟಕ ಕಂಪನಿಯೊಂದರ ರಂಗ ವ್ಯವಸ್ಥಾಪಕರಾಗಿದ್ದರು. ನಾಟಕದಲ್ಲಿ ಮಕ್ಕಳ ಪಾತ್ರಗಳಿವೆ, ನಿಮ್ಮ ಹೆಣ್ಣುಮಕ್ಕಳನ್ನು ಕಳುಹಿಸಿ ಎಂದು ಕೇಳಿದವರು ಅವರೇ. ರಂಗದ ಮೇಲೆ ನಿಲ್ಲುವ ಹೆಂಗಸರ ಬಗ್ಗೆ ಒಳ್ಳೆಯ ಮಾತು ಆಡದಿದ್ದ ಕಾಲವಾದ್ದರಿಂದ ತಾಯಿ ಮೊದಲು ಹಿಂಜರಿದರು, ಕೊನೆಗೆ ಬಡತನವೇ ಒಪ್ಪಿಸಿತು. 1900ರಲ್ಲಿ ಟೊರಾಂಟೊದ ಪ್ರಿನ್ಸೆಸ್ ಥಿಯೇಟರಿನಲ್ಲಿ ಮೇರಿ ಮೊದಲ ಬಾರಿ ಬಣ್ಣ ಹಚ್ಚಿದರು.

ಅಲ್ಲಿಂದ ಮುಂದಿನ ಆರೇಳು ವರ್ಷ ತಾಯಿ, ಮೇರಿ, ತಂಗಿ ಲಾಟಿ ಮತ್ತು ತಮ್ಮ ಜ್ಯಾಕ್ ಊರೂರು ಸುತ್ತುವ ಸಣ್ಣಪುಟ್ಟ ಕಂಪನಿಗಳ ಜೊತೆ ರೈಲಿನಲ್ಲಿಯೇ ಬದುಕಿದರು. ಕೆಲವು ಸಲ ನಾಲ್ವರಿಗೂ ಒಂದೇ ನಾಟಕದಲ್ಲಿ ಕೆಲಸ ಸಿಗುತ್ತಿತ್ತು, ಕೆಲವು ಸಲ ಒಬ್ಬೊಬ್ಬರು ಒಂದೊಂದು ದಿಕ್ಕು. ಓದು, ಶಾಲೆ ಎಂದು ಹೇಳುವಂಥದ್ದು ಏನೂ ಇರಲಿಲ್ಲ. ಮುಂದೆ ಕೋಟ್ಯಧೀಶೆಯಾದ ಮೇಲೂ ಒಂದೊಂದು ಡಾಲರನ್ನೂ ಎಣಿಸಿಯೇ ಖರ್ಚು ಮಾಡುತ್ತಿದ್ದ ಅವರ ಸ್ವಭಾವದ ಬೇರು ಈ ರೈಲು ಪ್ರಯಾಣಗಳಲ್ಲಿದೆ. ಮನೆಯ ಯಜಮಾನಿಕೆ ಎಂಟನೆಯ ವಯಸ್ಸಿಗೇ ಹೆಗಲಿಗೆ ಬಿದ್ದ ಹುಡುಗಿ ಮೂವತ್ತು ದಾಟಿದ ಮೇಲೂ ತೆರೆಯ ಮೇಲೆ ಬಾಲ್ಯವನ್ನು ನಟಿಸುತ್ತಲೇ ಇರಬೇಕಾಯಿತು.

1907ರಲ್ಲಿ, ಇನ್ನು ನ್ಯೂಯಾರ್ಕಿನ ದೊಡ್ಡ ನಾಟಕಮಂದಿರಗಳ ನೆಲೆಯಾದ ಬ್ರಾಡ್‌ವೇಯಲ್ಲಿ ಅವಕಾಶ ಸಿಗದಿದ್ದರೆ ನಾಟಕವನ್ನೇ ಬಿಡುವುದೆಂದು ನಿರ್ಧರಿಸಿ, ಅಲ್ಲಿನ ಹೆಸರಾಂತ ನಿರ್ಮಾಪಕ ಡೇವಿಡ್ ಬೆಲಾಸ್ಕೊ ಅವರನ್ನು ಹಟ ಹಿಡಿದು ಕಂಡರು. ಬೆಲಾಸ್ಕೊ ಪಾತ್ರವನ್ನೂ ಕೊಟ್ಟರು, ಹೊಸ ಹೆಸರನ್ನೂ ಇಟ್ಟರು. ಗ್ಲಾಡಿಸ್ ಸ್ಮಿತ್ ಎಂಬುದು ಫಲಕದ ಮೇಲೆ ಚೆನ್ನಾಗಿ ಕಾಣುವುದಿಲ್ಲವೆಂದು ಕುಟುಂಬದ ಹಿರಿಯರ ಹೆಸರುಗಳಲ್ಲಿ ಹುಡುಕಿ ಪಿಕ್‌ಫರ್ಡ್ ಎಂಬುದನ್ನು ಆರಿಸಿದರು. ಇಡೀ ಸ್ಮಿತ್ ಕುಟುಂಬವೇ ಆಮೇಲೆ ಪಿಕ್‌ಫರ್ಡ್ ಆಯಿತು.

ನಾಟಕದಿಂದ ಸಿನಿಮಾಕ್ಕೆ ಏಕೆ ಹೋದರು?

ಬೆಲಾಸ್ಕೊ ನಾಟಕ ಮುಗಿದು ಕೆಲಸವಿಲ್ಲದೆ ಕುಳಿತಿದ್ದ 1909ರ ಏಪ್ರಿಲಿನಲ್ಲಿ, ನ್ಯೂಯಾರ್ಕಿನ 14ನೆಯ ಬೀದಿಯಲ್ಲಿದ್ದ ಬಯೋಗ್ರಾಫ್ ಕಂಪನಿಯ ಬಾಗಿಲು ತಟ್ಟಿದರು. ರಂಗನಟರಿಗೆ ಆಗ ಸಿನಿಮಾ ಎಂದರೆ ಕೀಳು. ನಾಲ್ಕು ಕಾಸು ಕೊಟ್ಟು ನೋಡುವ ಓಡಾಡುವ ಚಿತ್ರಗಳಲ್ಲಿ ಮುಖ ತೋರಿಸುವುದು ದಿಕ್ಕಿಲ್ಲದವರ ಕೆಲಸ ಎಂಬ ಭಾವನೆ ಇತ್ತು. ಅಲ್ಲಿದ್ದ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಪರೀಕ್ಷೆ ಮಾಡಿ ನೋಡಿ ದಿನಕ್ಕೆ 5 ಡಾಲರ್ ಕೊಡುವುದಾಗಿ ಹೇಳಿದರು. ಬಯೋಗ್ರಾಫಿನ ಸಾಮಾನ್ಯ ದರ ಅದೇ ಆಗಿತ್ತು. ತಾನು ಬೆಲಾಸ್ಕೊ ನಟಿ, 10 ಡಾಲರ್ ಬೇಕು ಎಂದರು ಮೇರಿ. ಗ್ರಿಫಿತ್ ಕೊಟ್ಟರು. ಹದಿನೇಳು ವರ್ಷದ ಹುಡುಗಿ ಸಿನಿಮಾದಲ್ಲಿ ಮಾಡಿದ ಮೊದಲ ಕೆಲಸ ನಟನೆಯಲ್ಲ, ಚೌಕಾಶಿ.

ಆ ಒಂದೇ ವರ್ಷದಲ್ಲಿ ಅವರು 51 ಚಿತ್ರಗಳಲ್ಲಿ ಕಾಣಿಸಿಕೊಂಡರು. ಹೆಚ್ಚಿನವು ಒಂದು ರೀಲು, ಅಂದರೆ ಹತ್ತು ಹದಿನೈದು ನಿಮಿಷ, ಅಥವಾ ಅದಕ್ಕೂ ಚಿಕ್ಕವು. ಒಂದು ದಿನ ತಾಯಿ, ಮರುದಿನ ಮನೆಕೆಲಸದವಳು, ಅದರ ಮರುದಿನ ಶ್ರೀಮಂತರ ಮಗಳು. ಯಾವ ಪಾತ್ರ ಸಿಕ್ಕರೂ ಮಾಡಿದ್ದರ ಉದ್ದೇಶವನ್ನು ಅವರು ಮುಂದೆ ಬಿಚ್ಚಿ ಹೇಳಿದ್ದಾರೆ: ಹೆಚ್ಚು ಸಲ ಕಂಡಷ್ಟೂ ಜನ ಗುರುತು ಹಿಡಿಯುತ್ತಾರೆ, ಗುರುತು ಹಿಡಿದಷ್ಟೂ ಬೇಡಿಕೆ ಹೆಚ್ಚುತ್ತದೆ. 1910ರ ಜನವರಿಯಲ್ಲಿ ಬಯೋಗ್ರಾಫ್ ತಂಡ ಚಳಿಗಾಲದ ಬಿಸಿಲನ್ನು ಅರಸಿ ಲಾಸ್ ಏಂಜಲೀಸಿಗೆ ಹೋದಾಗ ಮೇರಿಯೂ ಹೋದರು.

ತೆರೆಯ ಮೇಲೆ ನಟರ ಹೆಸರೇ ಬರುತ್ತಿರಲಿಲ್ಲವಂತೆ. ಹಾಗಿದ್ದರೆ ಪ್ರಸಿದ್ಧಿ ಬಂದದ್ದು ಹೇಗೆ?

ಬಯೋಗ್ರಾಫ್ ತನ್ನ ನಟನಟಿಯರ ಹೆಸರನ್ನು ಬೇಕೆಂದೇ ಮುಚ್ಚಿಡುತ್ತಿತ್ತು. ಹೆಸರು ಗೊತ್ತಾದರೆ ಸಂಬಳ ಹೆಚ್ಚು ಕೇಳುತ್ತಾರೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು, ಆ ಲೆಕ್ಕ ತಪ್ಪೇನೂ ಆಗಿರಲಿಲ್ಲ. ಆದರೆ ಪ್ರೇಕ್ಷಕರು ತಾವೇ ಹೆಸರಿಟ್ಟುಕೊಂಡರು: ‘ಹೊನ್ನಿನ ಗುಂಗುರು ಕೂದಲಿನ ಹುಡುಗಿ’, ಮತ್ತು ಶೀರ್ಷಿಕೆ ಕಾರ್ಡುಗಳಲ್ಲಿ (ದೃಶ್ಯಗಳ ನಡುವೆ ತೆರೆಯ ಮೇಲೆ ಮೂಡುವ ಬರಹ) ಬರುತ್ತಿದ್ದ ಪಾತ್ರದ ಹೆಸರಿನಿಂದ ‘ಲಿಟ್ಲ್ ಮೇರಿ’. ಚಿತ್ರಮಂದಿರದವರು ಇಂದು ಆ ಹುಡುಗಿಯ ಚಿತ್ರವಿದೆ ಎಂದು ಹೊರಗೆ ಹಲಗೆ ತೂಗುಹಾಕತೊಡಗಿದರು. ಹೆಸರಿಲ್ಲದ ಮುಖವೇ ಸರಕಾದ ಕಾಲ ಅದು. 1910ರ ಕೊನೆಯಲ್ಲಿ ಕಾರ್ಲ್ ಲೆಮ್ಲಿ ಅವರ ಕಂಪನಿ ವಾರಕ್ಕೆ 175 ಡಾಲರ್ ಕೊಡುವುದಾಗಿ ಕರೆದಾಗ ಮೇರಿ ಬಯೋಗ್ರಾಫ್ ಬಿಟ್ಟರು. ಅಲ್ಲಿನ ಚಿತ್ರಗಳ ಗುಣಮಟ್ಟ ಹಿಡಿಸದೆ 1912ರಲ್ಲಿ ಗ್ರಿಫಿತ್ ಬಳಿ ಮರಳಿದರು. ಗೆಳತಿಯರಾದ ಲಿಲಿಯನ್ ಮತ್ತು ಡೊರೊಥಿ ಗಿಶ್ ಸೋದರಿಯರನ್ನು ಗ್ರಿಫಿತ್‌ಗೆ ಪರಿಚಯ ಮಾಡಿಸಿದ್ದು ಅದೇ ವರ್ಷ.

ಅವರ ಅಭಿನಯದಲ್ಲಿ ಅಂಥ ವಿಶೇಷವೇನು?

ಇದಕ್ಕೆ ವಿಶೇಷಣಗಳಿಗಿಂತ ಒಂದು ಚಿತ್ರವೇ ಒಳ್ಳೆಯ ಉತ್ತರ. 1912ರ ‘ದ ನ್ಯೂಯಾರ್ಕ್ ಹ್ಯಾಟ್’ ಸುಮಾರು ಹದಿನಾರು ನಿಮಿಷದ್ದು. ಕಥೆಯನ್ನು ಬರೆದವರು ಅನಿಟಾ ಲೂಸ್ ಎಂಬ ಎಳೆಯ ಲೇಖಕಿ. ಜಿಪುಣ ಗಂಡನ ಮನೆಯಲ್ಲಿ ದುಡಿದು ದುಡಿದು ಸಾಯುತ್ತಿರುವ ತಾಯಿಯೊಬ್ಬಳು ತಾನು ಉಳಿಸಿದ ಪುಡಿಗಾಸನ್ನು ಊರಿನ ಪಾದ್ರಿಯ ಕೈಗೆ ಕೊಟ್ಟು, ಮಗಳಿಗೆ ಆಗೀಗ ಏನಾದರೂ ಚೆಂದದ್ದನ್ನು ಕೊಡಿಸಿ ಎಂದು ಪತ್ರ ಬರೆದಿಟ್ಟು ಸಾಯುತ್ತಾಳೆ. ಪಾದ್ರಿ ಕೊಡಿಸುವುದು ಅಂಗಡಿಯ ಗಾಜಿನ ಹಿಂದೆ ಇಟ್ಟಿರುವ ದುಬಾರಿ ಟೋಪಿಯನ್ನು. ಉಳಿದದ್ದನ್ನು ಊರಿನ ನಾಲಿಗೆಗಳು ನೋಡಿಕೊಳ್ಳುತ್ತವೆ.

ಇದರಲ್ಲಿ ಮೇರಿ ತನ್ನ ಹಳೆಯ, ಮಂಕಾದ ಟೋಪಿಯನ್ನು ಕನ್ನಡಿಯ ಮುಂದೆ ಇಟ್ಟುಕೊಂಡು ನೋಡಿಕೊಳ್ಳುವ ಗಳಿಗೆಯನ್ನು ಗಮನಿಸಬೇಕು. ಎದೆ ಬಡಿದುಕೊಳ್ಳುವುದಿಲ್ಲ, ಕಣ್ಣರಳಿಸುವುದಿಲ್ಲ. ಅಂದಿನ ನಟನಟಿಯರು ಕೊನೆಯ ಸಾಲಿನ ಪ್ರೇಕ್ಷಕನಿಗೂ ತಲುಪಲೆಂದು ತೋಳು ಬೀಸಿ ನಟಿಸುತ್ತಿದ್ದರು. ಮೇರಿ ಮಾತ್ರ ಕ್ಯಾಮೆರಾ ಕೈಯಳತೆಯಲ್ಲಿದೆ ಎಂಬುದನ್ನು ಬೇಗನೆ ಅರಿತುಕೊಂಡರು. ಗ್ರಿಫಿತ್ ಹೆಣ್ಣುಪಾತ್ರಗಳಿಂದ ಬಯಸುತ್ತಿದ್ದ ಕುಣಿದಾಟ, ಚಿಮ್ಮಾಟ ತನ್ನಿಂದಾಗದು ಎಂದು ಅವರೊಡನೆ ಜಗಳವಾಡಿದ ಪ್ರಸಂಗಗಳೂ ಇವೆ. ಕೂದಲು, ಕಣ್ಣು, ಬೆಳಕು ಎಲ್ಲವೂ ಅವರ ಪರವಾಗಿದ್ದವು ನಿಜ. ಆದರೆ ನೂರು ವರ್ಷದ ಮೇಲೂ ಆ ಚಿತ್ರಗಳನ್ನು ಮುಜುಗರವಿಲ್ಲದೆ ನೋಡಲು ಸಾಧ್ಯವಾಗುವುದು ಈ ಮಿತದಿಂದ.

ಅವರ ಸಂಭಾವನೆಯ ಬಗ್ಗೆ ಹೇಳುವ ಅಂಕಿಗಳು ನಿಜವೇ?

ನಂಬಲು ಕಷ್ಟವಾದರೂ ನಿಜ. 1913ರಲ್ಲಿ ಅಡಾಲ್ಫ್ ಝುಕರ್ ಅವರ ಫೇಮಸ್ ಪ್ಲೇಯರ್ಸ್ ಕಂಪನಿ ಸೇರಿದಾಗ ವಾರಕ್ಕೆ 500 ಡಾಲರ್. 1914ರಲ್ಲಿ ‘ಟೆಸ್ ಆಫ್ ದ ಸ್ಟಾರ್ಮ್ ಕಂಟ್ರಿ’ ದೊಡ್ಡ ಯಶಸ್ಸು ಕಂಡು, ಸಾಲದಲ್ಲಿದ್ದ ಝುಕರ್ ಕಂಪನಿಯನ್ನೇ ಮೇಲೆತ್ತಿತು. ಸಂಬಳ 1,000 ಡಾಲರಿಗೆ ಏರಿತು. 1915ರ ಆರಂಭದಲ್ಲಿ ವಾರಕ್ಕೆ 2,000 ಡಾಲರ್ ಮತ್ತು ಲಾಭದಲ್ಲಿ ಅರ್ಧ ಪಾಲು. 1916ರ ಫೆಬ್ರುವರಿಯಲ್ಲಿ ಚಾಪ್ಲಿನ್ ಮ್ಯೂಚುಯಲ್ ಕಂಪನಿಯೊಂದಿಗೆ ವರ್ಷಕ್ಕೆ 6,70,000 ಡಾಲರಿನ ಕರಾರು ಮಾಡಿಕೊಂಡ ಸುದ್ದಿ ಬಂದದ್ದೇ ತಡ, ಮೇರಿ ಮತ್ತು ತಾಯಿ ಷಾರ್ಲಟ್ ಝುಕರ್ ಎದುರು ಮತ್ತೆ ಕುಳಿತರು. 1916ರ ಜೂನ್ 24ರಂದು ಸಹಿಯಾದ ಕರಾರಿನಲ್ಲಿ ವಾರಕ್ಕೆ 10,000 ಡಾಲರ್, ಲಾಭದಲ್ಲಿ ಅರ್ಧ, ಮತ್ತು ಎರಡು ವರ್ಷಕ್ಕೆ ಕನಿಷ್ಠ 10,40,000 ಡಾಲರ್ ಖಾತರಿ ಇತ್ತು. ದಿನಕ್ಕೆ ಹತ್ತು ಡಾಲರ್ ಕೇಳಿದ ಹುಡುಗಿ ವಾರಕ್ಕೆ ಹತ್ತು ಸಾವಿರಕ್ಕೆ ಬರಲು ಏಳು ವರ್ಷ ಹಿಡಿಯಿತು.

ಈ ಮಾತುಕತೆಗಳಲ್ಲಿ ತಾಯಿಯ ಪಾತ್ರವನ್ನು ಮರೆಯುವಂತಿಲ್ಲ. ಮಗಳು ಮೆತ್ತಗೆ ಮಾತಾಡಿದರೆ ತಾಯಿ ಗಟ್ಟಿಯಾಗಿ ನಿಲ್ಲುತ್ತಿದ್ದರು. ಝುಕರ್ ಇಬ್ಬರನ್ನೂ ಗೌರವಿಸಿದರು, ಇಬ್ಬರಿಗೂ ಹೆದರಿದರು.

1916ರ ಕರಾರು ಹಣದ ವಿಷಯ ಮಾತ್ರವೇ?

ಹಣಕ್ಕಿಂತ ಮುಖ್ಯವಾದ ಅಂಶ ಅದರಲ್ಲಿ ಬೇರೆ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂದಿನ ವಿತರಕರು ಚಿತ್ರಗಳನ್ನು ಒಂದೊಂದಾಗಿ ಮಾರುತ್ತಿರಲಿಲ್ಲ. ಮೇರಿ ಪಿಕ್‌ಫರ್ಡ್ ಚಿತ್ರ ಬೇಕೆಂದು ಬಂದ ಚಿತ್ರಮಂದಿರದ ಮಾಲೀಕನಿಗೆ, ಅದರ ಜೊತೆಗೆ ಯಾರಿಗೂ ಬೇಡದ ಹತ್ತಾರು ಚಿತ್ರಗಳ ಕಂತೆಯನ್ನೇ ಕಟ್ಟುತ್ತಿದ್ದರು. ಒಳ್ಳೆಯ ಅಕ್ಕಿ ಬೇಕಿದ್ದರೆ ಮುಗ್ಗಲು ಅಕ್ಕಿಯ ಮೂಟೆಯನ್ನೂ ಹೊತ್ತುಕೊಂಡು ಹೋಗು ಎಂದಂತೆ. ಹೀಗೆ ಬಂದ ಹಣದಲ್ಲಿ ಮೇರಿ ಚಿತ್ರ ಗಳಿಸಿದ್ದೆಷ್ಟು ಎಂಬ ಲೆಕ್ಕವೇ ಸಿಗದೆ ಹೋದರೆ, ಲಾಭದಲ್ಲಿ ಅರ್ಧ ಪಾಲು ಎಂಬುದಕ್ಕೆ ಅರ್ಥವೇನು?

ತನ್ನ ಚಿತ್ರಗಳ ಬೆನ್ನೇರಿ ಬೇರೆಯವರ ಚಿತ್ರಗಳು ಸವಾರಿ ಮಾಡುತ್ತಿವೆ ಎಂಬುದನ್ನು ಅರಿತ ಮೇರಿ, ಹೊಸ ಕರಾರಿನಲ್ಲಿ ತನ್ನ ಚಿತ್ರಗಳನ್ನು ಪ್ರತ್ಯೇಕವಾಗಿಯೇ ಮಾರಬೇಕೆಂದು ಪಟ್ಟು ಹಿಡಿದರು. ಅದಕ್ಕಾಗಿ ಆರ್ಟ್‌ಕ್ರಾಫ್ಟ್ ಎಂಬ ಬೇರೆಯೇ ವಿತರಣಾ ವಿಭಾಗ ಹುಟ್ಟಿತು. ಅವರದೇ ಹೆಸರಿನ ನಿರ್ಮಾಣ ಕಂಪನಿ ಸ್ಥಾಪನೆಯಾಯಿತು, ನಿರ್ದೇಶಕರನ್ನೂ ನಟವರ್ಗವನ್ನೂ ಆರಿಸುವುದರಲ್ಲಿ ಅವರ ಮಾತಿಗೆ ಬೆಲೆ ಬಂತು. ಅಮೆರಿಕದಲ್ಲಿ ಹೆಂಗಸರಿಗೆ ದೇಶದಾದ್ಯಂತ ಮತದಾನದ ಹಕ್ಕು ಬಂದದ್ದು 1920ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ ಈ ಸಹಿಯ ತೂಕ ತಿಳಿಯುತ್ತದೆ.

1918ರಲ್ಲಿ ಕರಾರು ಮುಗಿದಾಗ ಫಸ್ಟ್ ನ್ಯಾಷನಲ್ ಕಂಪನಿ ಮೂರು ಚಿತ್ರಗಳಿಗೆ 6,75,000 ಡಾಲರ್, ಲಾಭದಲ್ಲಿ ಅರ್ಧ, ಮತ್ತು ಚಿತ್ರದ ಮೇಲೆ ಪೂರ್ಣ ಅಧಿಕಾರ ಕೊಡಲು ಮುಂದೆ ಬಂತು. ಮೇರಿ ಝುಕರ್‌ಗೆ ವಿದಾಯ ಹೇಳಿದರು.

ದೊಡ್ಡವರಾದ ಮೇಲೂ ಮಕ್ಕಳ ಪಾತ್ರಗಳನ್ನೇ ಏಕೆ ಮಾಡಿದರು?

ಎತ್ತರ ಐದು ಅಡಿಗಿಂತ ಒಂದೆರಡು ಕೂದಲೆಳೆ ಹೆಚ್ಚು, ಮುಖ ದುಂಡಗೆ. ಅದು ದೇಹದ ಕಾರಣ. ಇನ್ನೊಂದು ಕಾರಣ 1917ರ ‘ದ ಪೂರ್ ಲಿಟ್ಲ್ ರಿಚ್ ಗರ್ಲ್’. ಇದರಲ್ಲಿ ಇಪ್ಪತ್ನಾಲ್ಕರ ಮೇರಿ ಹನ್ನೊಂದರ ಹುಡುಗಿಯಾದರು. ನಿರ್ದೇಶಕ ಮೌರಿಸ್ ಟೂರ್ನರ್ ಅವರ ತಂಡ ಮೇಜು, ಕುರ್ಚಿಗಳನ್ನು ದೊಡ್ಡ ಅಳತೆಯಲ್ಲಿ ಮಾಡಿಸಿತು, ಸುತ್ತ ಎತ್ತರದ ನಟರನ್ನೇ ನಿಲ್ಲಿಸಿತು. ಚಿತ್ರಕಥೆ ಬರೆದ ಫ್ರಾನ್ಸಿಸ್ ಮೇರಿಯನ್ ಮತ್ತು ಮೇರಿ ಇಬ್ಬರೂ ಸೇರಿ ಕೆಸರಿನಲ್ಲಿ ಹೊಡೆದಾಡುವಂಥ ತುಂಟಾಟಗಳನ್ನು ಸೇರಿಸಿದರು. ಗಂಭೀರ ಸ್ವಭಾವದ ಟೂರ್ನರ್‌ಗೆ ಅದು ಹಿಡಿಸಲಿಲ್ಲ. ಚಿತ್ರ ನೋಡಿದ ಕಂಪನಿಯ ದೊಡ್ಡವರು ಇದು ಮುಳುಗಿತೆಂದೇ ತೀರ್ಮಾನಿಸಿದರು. ಜನ ಮುಗಿಬಿದ್ದರು.

ಅಲ್ಲಿಂದ ‘ರೆಬೆಕಾ ಆಫ್ ಸನ್ನಿಬ್ರೂಕ್ ಫಾರ್ಮ್’, ‘ಎ ಲಿಟ್ಲ್ ಪ್ರಿನ್ಸೆಸ್’, ‘ಡ್ಯಾಡಿ ಲಾಂಗ್ ಲೆಗ್ಸ್’, ‘ಪಾಲಿಯಾನಾ’ ಎಂದು ಸರಣಿ ಬೆಳೆಯಿತು. ಆದರೂ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಪೂರ್ತಿಯಾಗಿ ಮಗುವಾಗಿಯೇ ಕಾಣಿಸಿಕೊಂಡ ಚಿತ್ರಗಳು ಕೈಬೆರಳೆಣಿಕೆಯಷ್ಟು. ಉಳಿದ ಹಲವುಗಳಲ್ಲಿ ಹುಡುಗಿ ಬೆಳೆದು ಯುವತಿಯಾಗುತ್ತಾಳೆ, ಇನ್ನು ಹಲವುಗಳಲ್ಲಿ ಮೊದಲಿನಿಂದಲೇ ಯುವತಿ. ಆ ಹುಡುಗಿಯರೂ ಮೆತ್ತನೆಯ ಬೊಂಬೆಗಳಲ್ಲ. ಮುಷ್ಟಿ ಬಿಗಿದು ಹೊಡೆಯುವ, ಬಾಯಿಗೆ ಬಾಯಿ ಕೊಡುವ, ಹರಕು ಬಟ್ಟೆಯ ಬಡವರ ಮನೆಯ ಮಕ್ಕಳು. ಚಿತ್ರಮಂದಿರದಲ್ಲಿ ಕುಳಿತಿದ್ದವರಲ್ಲಿ ಬಹುಪಾಲು ಜನ ಅಂಥ ಮನೆಗಳಿಂದಲೇ ಬಂದವರು.

ಬೇರೆ ಬಗೆಯ ಪಾತ್ರಗಳನ್ನು ಮಾಡಲಿಲ್ಲವೇ?

ಮಾಡಿದರು, ಮತ್ತು ಅವರ ಅತ್ಯುತ್ತಮ ಅಭಿನಯ ನನ್ನ ದೃಷ್ಟಿಯಲ್ಲಿ ಅಲ್ಲಿಯೇ ಇದೆ. 1918ರ ‘ಸ್ಟೆಲ್ಲಾ ಮಾರಿಸ್’ ಚಿತ್ರದಲ್ಲಿ ಅವರದು ದ್ವಿಪಾತ್ರ. ಒಬ್ಬಳು ಹಾಸಿಗೆ ಹಿಡಿದಿದ್ದರೂ ಲೋಕದ ಕೊಳಕು ಕಾಣದಂತೆ ಮುಚ್ಚಟೆಯಿಂದ ಬೆಳೆದ ಚೆಲುವೆ ಸ್ಟೆಲ್ಲಾ, ಮತ್ತೊಬ್ಬಳು ಅನಾಥಾಲಯದಿಂದ ಕೆಲಸಕ್ಕೆ ಬಂದು ಪೆಟ್ಟು ತಿನ್ನುವ ಯೂನಿಟಿ ಬ್ಲೇಕ್. ಯೂನಿಟಿಗಾಗಿ ಮೇರಿ ಆ ಪ್ರಸಿದ್ಧ ಕೂದಲಿಗೆ ಜಿಡ್ಡು ಸವರಿ ತಲೆಗೆ ಅಂಟಿಸಿಕೊಂಡರು, ಒಂದು ಹೆಗಲನ್ನು ಮೇಲೆತ್ತಿ ಸೊಟ್ಟಗೆ ನಡೆದರು. ಎರಡೂ ಪಾತ್ರಗಳು ಒಬ್ಬರದೇ ಎಂದು ಮೊದಲೇ ಗೊತ್ತಿದ್ದರೂ ನೋಡುವಾಗ ಅನುಮಾನ ಬರುತ್ತದೆ. ಯಾರೂ ಪ್ರೀತಿಸದ ಹುಡುಗಿ ಯಜಮಾನನ ಕೋಟನ್ನು ಹಿಡಿದುಕೊಂಡು ಅದರ ತೋಳಿನೊಳಗೆ ತನ್ನ ಕೈ ತೂರಿಸಿ, ಅವನೇ ತನ್ನನ್ನು ತಬ್ಬಿದಂತೆ ಕಲ್ಪಿಸಿಕೊಳ್ಳುವ ದೃಶ್ಯಕ್ಕೆ ಶೀರ್ಷಿಕೆ ಕಾರ್ಡೇ ಬೇಕಿಲ್ಲ.

1921ರ ‘ಲಿಟ್ಲ್ ಲಾರ್ಡ್ ಫಾಂಟ್ಲ್‌ರಾಯ್’ನಲ್ಲಿ ಹುಡುಗನೂ ಅವರೇ, ಅವನ ತಾಯಿಯೂ ಅವರೇ. ತಾಯಿ ಎತ್ತರವಾಗಿ ಕಾಣಲು ದಪ್ಪ ಅಟ್ಟೆಯ ಪಾದರಕ್ಷೆ. ಮಗ ತಾಯಿಗೆ ಮುತ್ತಿಡುವ ಕೆಲವೇ ಕ್ಷಣಗಳ ದೃಶ್ಯಕ್ಕಾಗಿ ಛಾಯಾಗ್ರಾಹಕ ಚಾರ್ಲ್ಸ್ ರೋಷರ್ ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಫಿಲ್ಮಿನ ಒಂದು ಭಾಗವನ್ನು ಮುಚ್ಚಿ, ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಮತ್ತೆ ಓಡಿಸಿ, ಗಂಟೆಗಟ್ಟಲೆ ದುಡಿದರು.

1923ರಲ್ಲಿ ಜರ್ಮನಿಯಿಂದ ಅರ್ನ್ಸ್ಟ್ ಲೂಬಿಚ್ ಅವರನ್ನು ಕರೆಸಿಕೊಂಡು ‘ರೊಸೀಟಾ’ದಲ್ಲಿ ಸ್ಪೇನಿನ ಬೀದಿ ಗಾಯಕಿಯಾದರು. ಲೂಬಿಚ್ ಅಮೆರಿಕದಲ್ಲಿ ಮಾಡಿದ ಮೊದಲ ಚಿತ್ರ ಅದು. ವಿಮರ್ಶಕರು ಮೆಚ್ಚಿದರೂ ಮೇರಿ ಮುಂದೆ ಆ ಚಿತ್ರದ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದರು. ಈ ವಿಷಯದಲ್ಲಿ ಅವರ ತೀರ್ಪನ್ನು ಒಪ್ಪಬೇಕಿಲ್ಲ. 1925ರಲ್ಲಿ ‘ಫೋಟೊಪ್ಲೇ’ ಪತ್ರಿಕೆಯ ಮೂಲಕ ಓದುಗರನ್ನೇ ಕೇಳಿದಾಗ, ಸಿಂಡ್ರೆಲಾ ಆಗಿ, ಹೈಡಿ ಆಗಿ ಎಂಬ ಉತ್ತರಗಳು ಬಂದವು. ಮೂವತ್ಮೂರರ ಹೆಂಗಸು ಮತ್ತೆ ಹರಕು ಲಂಗ ತೊಟ್ಟು ‘ಲಿಟ್ಲ್ ಆನ್ನೀ ರೂನಿ’ ಆದರು.

ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ ಸ್ಥಾಪನೆಯಲ್ಲಿ ಅವರ ಪಾತ್ರವೇನು?

1919ರ ಹೊತ್ತಿಗೆ ದೊಡ್ಡ ಕಂಪನಿಗಳು ಒಂದಾಗಲಿವೆ, ಒಂದಾದ ಮೇಲೆ ತಾರೆಯರ ಸಂಭಾವನೆಗೆ ಕಡಿವಾಣ ಹಾಕಲಿವೆ ಎಂಬ ಸುದ್ದಿ ಹರಡಿತ್ತು. ಕೊಳ್ಳುವವನು ಒಬ್ಬನೇ ಆದರೆ ಮಾರುವವನ ಚೌಕಾಶಿ ನಡೆಯುವುದಿಲ್ಲ ಎಂಬುದು ಮೇರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಿಂದಿನ ವರ್ಷವಷ್ಟೇ ಯುದ್ಧನಿಧಿಯ ಬಾಂಡುಗಳನ್ನು ಮಾರಲು ಮೇರಿ, ಚಾಪ್ಲಿನ್ ಮತ್ತು ನಟ ಡಗ್ಲಾಸ್ ಫೇರ್‌ಬ್ಯಾಂಕ್ಸ್ ದೇಶ ಸುತ್ತಿದ್ದರು. ಜನಸಾಗರವನ್ನು ಕಣ್ಣಾರೆ ಕಂಡಿದ್ದರು. ಗ್ರಿಫಿತ್ ಅವರನ್ನೂ ಸೇರಿಸಿಕೊಂಡು ಈ ಮೂವರು 1919ರ ಫೆಬ್ರುವರಿ 5ರಂದು ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಗೆ ಸಹಿ ಹಾಕಿದರು. ಅಮೆರಿಕದ ಮಾಜಿ ಹಣಕಾಸು ಸಚಿವ ವಿಲಿಯಂ ಮ್ಯಾಕಡೂ ಕಂಪನಿಯ ಕಾನೂನು ಸಲಹೆಗಾರರಾದರು.

ಇದು ಸ್ಟುಡಿಯೊ ಆಗಿರಲಿಲ್ಲ, ವಿತರಣಾ ಸಂಸ್ಥೆ. ಪಾಲುದಾರರು ತಮ್ಮ ಹಣದಲ್ಲಿ ತಾವೇ ಚಿತ್ರ ಮಾಡಬೇಕು, ಕಂಪನಿ ಅದನ್ನು ಕಂತೆ ಕಟ್ಟದೆ ಒಂದೊಂದಾಗಿ ಮಾರಬೇಕು, ಮಾರಾಟದ ಖರ್ಚು ಕಳೆದು ಬಂದದ್ದು ಮಾಡಿದವರಿಗೇ ಸೇರಬೇಕು. 1916ರಲ್ಲಿ ಮೇರಿ ಝುಕರ್ ಎದುರು ಹಿಡಿದ ಪಟ್ಟನ್ನೇ ಇಲ್ಲಿ ಕಂಪನಿಯ ನಿಯಮವಾಗಿ ಕಾಣಬಹುದು. ಅವರು ಇಲ್ಲಿಂದ ಹೊರತಂದ ಮೊದಲ ಚಿತ್ರ 1920ರ ‘ಪಾಲಿಯಾನಾ’ ಹತ್ತು ಲಕ್ಷ ಡಾಲರಿಗೂ ಹೆಚ್ಚು ಗಳಿಸಿತು. ಕಂಪನಿಯ ಸಭೆಗಳಲ್ಲಿ ಮೇರಿ ತೋರಿದ ಕಾನೂನು ಮತ್ತು ವ್ಯವಹಾರದ ಜ್ಞಾನವನ್ನು ಚಾಪ್ಲಿನ್ ಬೆರಗಿನಿಂದ ನೆನೆಸಿಕೊಂಡಿದ್ದಾರೆ.

ತೊಂದರೆಯೂ ಇತ್ತು. ನಾಲ್ವರೂ ವರ್ಷಕ್ಕೆ ಒಂದೆರಡು ಚಿತ್ರ ಮಾಡಿದರೆ ವಿತರಣೆಯ ಯಂತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಗ್ರಿಫಿತ್ 1924ರಲ್ಲಿ ಹೊರನಡೆದರು, ನಿರ್ಮಾಪಕ ಜೋಸೆಫ್ ಶೆಂಕ್ ಬಂದು ಬೇರೆ ನಿರ್ಮಾಪಕರನ್ನು ಸೇರಿಸಿದ ಮೇಲೆಯೇ ಉಸಿರಾಡುವಂತಾಯಿತು. ಕೊನೆಗೆ ಉಳಿದ ಮೇರಿ ಮತ್ತು ಚಾಪ್ಲಿನ್ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದು, ಚಾಪ್ಲಿನ್ 1955ರಲ್ಲಿ, ಮೇರಿ 1956ರಲ್ಲಿ ತಮ್ಮ ಪಾಲು ಮಾರಿದರು. ಕಾದು ಮಾರಿದ ಮೇರಿಗೆ 30 ಲಕ್ಷ ಡಾಲರ್ ಸಿಕ್ಕಿತು. ಚಾಪ್ಲಿನ್‌ಗೆ ಸಿಕ್ಕಿದ್ದು ಅದರ ಅರ್ಧಕ್ಕಿಂತ ಕಡಿಮೆ.

ಡಗ್ಲಾಸ್ ಫೇರ್‌ಬ್ಯಾಂಕ್ಸ್ ಜೊತೆಗಿನ ಮದುವೆ ವೃತ್ತಿಗೆ ತೊಡಕಾಗಲಿಲ್ಲವೇ?

ಆಗಬಹುದೆಂದು ಇಬ್ಬರೂ ಹೆದರಿದ್ದರು. ಮೇರಿಗೆ ನಟ ಓವೆನ್ ಮೂರ್ ಜೊತೆ 1911ರಲ್ಲಿಯೇ ಮದುವೆಯಾಗಿತ್ತು, ಫೇರ್‌ಬ್ಯಾಂಕ್ಸ್ ಅವರಿಗೂ ಸಂಸಾರವಿತ್ತು. 1920ರ ಮಾರ್ಚ್ ತಿಂಗಳಲ್ಲಿ ವಿಚ್ಛೇದನ ಪಡೆದ ಮೇರಿ ಅದೇ ತಿಂಗಳ 28ರಂದು ಫೇರ್‌ಬ್ಯಾಂಕ್ಸ್ ಅವರನ್ನು ಮದುವೆಯಾದರು. ಜನ ಮುನಿಯಲಿಲ್ಲ, ಲಂಡನ್, ಪ್ಯಾರಿಸ್ ಬೀದಿಗಳಲ್ಲಿ ಕಾರನ್ನೇ ಮುತ್ತಿದರು. ಬೆವರ್ಲಿ ಹಿಲ್ಸಿನ ‘ಪಿಕ್‌ಫೇರ್’ ಬಂಗಲೆ ಹಾಲಿವುಡ್ಡಿನ ಅರಮನೆಯಾಯಿತು. ಅವರು 1936ರಲ್ಲಿ ಬೇರೆಯಾದರು. 1937ರಲ್ಲಿ ಮೇರಿ ತಮ್ಮ ಕೊನೆಯ ಮೂಕಿ ಚಿತ್ರದ ನಾಯಕ ಬಡ್ಡಿ ರಾಜರ್ಸ್ ಅವರನ್ನು ವರಿಸಿದರು.

ಕೂದಲು ಕತ್ತರಿಸಿದ್ದು ಅಷ್ಟು ದೊಡ್ಡ ಸುದ್ದಿಯಾಗಿದ್ದೇಕೆ?

1928ರ ಮಾರ್ಚ್ ತಿಂಗಳಲ್ಲಿ ತಾಯಿ ಷಾರ್ಲಟ್ ತೀರಿಕೊಂಡರು. ಜೂನ್ 21ರಂದು ಮೇರಿ ನ್ಯೂಯಾರ್ಕಿನ ಕೇಶಾಲಂಕಾರದ ಅಂಗಡಿಯೊಂದಕ್ಕೆ ಹೋಗಿ ಗುಂಗುರು ಕೂದಲಿನ ಸುರುಳಿಗಳನ್ನು ಕತ್ತರಿಸಿಕೊಂಡರು. ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಹಾಕಿತು. ಇಷ್ಟು ಹೊತ್ತಿಗೆ ಊರಿನ ಹುಡುಗಿಯರೆಲ್ಲ ತುಂಡುಗೂದಲಿನವರೇ ಆಗಿದ್ದರು, ಆದರೂ ತಮ್ಮ ಮೇರಿ ಹಾಗೆ ಮಾಡಬಾರದಿತ್ತು ಎಂದು ಅಭಿಮಾನಿಗಳು ಪತ್ರ ಬರೆದು ಬೈದರು. ಒಂದು ಇಡೀ ದೇಶ ಒಬ್ಬರ ಕೂದಲನ್ನು ತನ್ನ ಆಸ್ತಿಯೆಂದು ತಿಳಿದುಕೊಂಡಿತ್ತು. ಎಲ್ಲ ಹಕ್ಕುಗಳನ್ನೂ ಕರಾರಿನಲ್ಲಿ ಬರೆಸಿಕೊಂಡ ಮೇರಿಗೆ ಇದೊಂದನ್ನು ಮಾತ್ರ ಬರೆಸಿಕೊಳ್ಳಲಾಗಲಿಲ್ಲ.

ಟಾಕಿ (ಮಾತಿನ ಚಿತ್ರ) ಬಂದದ್ದರಿಂದ ಅವರ ವೃತ್ತಿ ಮುಗಿಯಿತೇ?

ಹಾಗೆ ಹೇಳುವುದು ಸುಲಭ, ಆದರೆ ಸರಿಯಲ್ಲ. ಮೊದಲ ಟಾಕಿ ‘ಕೊಕೆಟ್’ 1929ರಲ್ಲಿ ಹಣವನ್ನೂ ಗಳಿಸಿತು, ಅವರಿಗೆ ಅತ್ಯುತ್ತಮ ನಟಿ ಆಸ್ಕರ್ ಪ್ರಶಸ್ತಿಯನ್ನೂ ತಂದಿತು. ಪ್ರಶಸ್ತಿ ಕೊಟ್ಟ ಅಕಾಡೆಮಿಯ 36 ಸ್ಥಾಪಕರಲ್ಲಿ ಮೇರಿಯೂ ಒಬ್ಬರು, ಆಗ ತೀರ್ಮಾನ ಸಣ್ಣ ತೀರ್ಪುಗಾರರ ಮಂಡಳಿಯ ಕೈಯಲ್ಲಿತ್ತು. ಆ ತೀರ್ಪುಗಾರರನ್ನು ಮೇರಿ ಪಿಕ್‌ಫೇರ್‌ಗೆ ಚಹಾಕ್ಕೆ ಕರೆದಿದ್ದರೆಂಬ ಮಾತು ಆಗಲೇ ಇತ್ತು. ಅಭಿನಯವನ್ನು ಈಗ ನೋಡಿದರೆ ಮಾತಿನಲ್ಲಿ ರಂಗಭೂಮಿಯ ಒತ್ತು ಹೆಚ್ಚಾಗಿದೆ ಎನಿಸುತ್ತದೆ. ಅದೇ ಚಿತ್ರದ ಚಿತ್ರೀಕರಣದ ನಡುವೆ, ಉದ್ವೇಗದ ದೃಶ್ಯವೊಂದರಲ್ಲಿ ಮುಖದ ಮೇಲೆ ನೆರಳು ಬಿತ್ತೆಂದು ರೋಷರ್ ಕ್ಯಾಮೆರಾ ನಿಲ್ಲಿಸಿದರು. ಹತ್ತು ವರ್ಷ ಆ ಮುಖವನ್ನು ಬೆಳಗಿದವರನ್ನು ಮೇರಿ ಕೆಲಸದಿಂದ ಬಿಡಿಸಿದರು. ಈಗ ಅವರಿಗೆ ಬೇಕಾಗಿದ್ದುದು ಚೆಲುವಾಗಿ ಕಾಣುವುದಲ್ಲ.

ಧ್ವನಿಯಲ್ಲ, ವಯಸ್ಸು ಮತ್ತು ಹಳೆಯ ಹೆಸರು ತೊಡಕಾದವು. ಮೂವತ್ತೇಳರ ನಟಿಯನ್ನು ಜನ ಯಾವ ಪಾತ್ರದಲ್ಲಿ ನೋಡಬೇಕು? ಫೇರ್‌ಬ್ಯಾಂಕ್ಸ್ ಜೊತೆ ಮಾಡಿದ ‘ದ ಟೇಮಿಂಗ್ ಆಫ್ ದ ಶ್ರೂ’ ಅವರ ಆತ್ಮವಿಶ್ವಾಸವನ್ನೇ ಕುಗ್ಗಿಸಿತು. 1930ರಲ್ಲಿ ಒಂದು ಚಿತ್ರವನ್ನು ಅರ್ಧಕ್ಕೆ ನಿಲ್ಲಿಸಿ ನಷ್ಟ ಹೊತ್ತುಕೊಂಡರು. 1931ರ ‘ಕೀಕೀ’ ಸೋತಿತು. 1933ರ ‘ಸೀಕ್ರೆಟ್ಸ್’ ಒಳ್ಳೆಯ ಚಿತ್ರವೇ. ಆದರೆ ಅದು ತೆರೆ ಕಂಡದ್ದು ಅಮೆರಿಕದ ಬ್ಯಾಂಕುಗಳೆಲ್ಲ ಬಾಗಿಲು ಹಾಕಿದ್ದ ಮಾರ್ಚ್ ತಿಂಗಳಲ್ಲಿ. ಮತ್ತೆ ಅವರು ಕ್ಯಾಮೆರಾ ಎದುರು ನಾಯಕಿಯಾಗಿ ನಿಲ್ಲಲಿಲ್ಲ.

ಆಮೇಲೆ ಏನು ಮಾಡಿದರು?

ನಿರ್ಮಾಣ, ರೇಡಿಯೊ, ಬರವಣಿಗೆ. ಹೆಚ್ಚು ಉಳಿದ ಕೆಲಸವೆಂದರೆ ಚಿತ್ರರಂಗದ ಕಷ್ಟದಲ್ಲಿರುವವರಿಗಾಗಿ 1921ರಲ್ಲಿ ಸೇರಿ ಕಟ್ಟಿದ ಪರಿಹಾರ ನಿಧಿ. 1932ರಲ್ಲಿ ಅವರ ಮುಂದಾಳತ್ವದಲ್ಲಿ, ಕೈತುಂಬ ಗಳಿಸುವವರ ಸಂಬಳದಿಂದ ನೂರು ಡಾಲರಿಗೆ ಅರ್ಧ ಡಾಲರಿನಂತೆ ನಿಧಿಗೆ ಮುರಿದುಕೊಳ್ಳುವ ಏರ್ಪಾಡು ಬಂತು. ತಮ್ಮ, ತಂಗಿ ಇಬ್ಬರನ್ನೂ ಕುಡಿತ ಬೇಗನೆ ಕೊಂಡೊಯ್ಯಿತು. ಮೇರಿಯನ್ನೂ ಅದು ಬಿಡಲಿಲ್ಲ. ಕೊನೆಯ ವರ್ಷಗಳಲ್ಲಿ ಪಿಕ್‌ಫೇರ್ ಬಿಟ್ಟು ಹೊರಗೆ ಬರುತ್ತಿದ್ದುದು ಅಪರೂಪ. 1976ರಲ್ಲಿ ಗೌರವ ಆಸ್ಕರ್ ಕೊಟ್ಟಾಗ ಕ್ಯಾಮೆರಾವೇ ಅವರ ಮನೆಗೆ ಹೋಯಿತು. 1979ರ ಮೇ 29ರಂದು ನಿಧನರಾದರು.

ತಮ್ಮ ಚಿತ್ರಗಳನ್ನೆಲ್ಲ ಸುಟ್ಟುಹಾಕಲು ಹೊರಟಿದ್ದರಂತೆ, ನಿಜವೇ?

ಒಂದು ಕಾಲಕ್ಕೆ ಹಾಗೆ ಹೇಳಿದ್ದು ನಿಜ. ಹೊಸ ಪೀಳಿಗೆಯವರು ತನ್ನ ಚಿತ್ರಗಳನ್ನು ನೋಡಿ ನಗುತ್ತಾರೆ, ಅದಕ್ಕಿಂತ ಇಲ್ಲವಾಗುವುದು ಮೇಲು ಎಂಬ ಅಳುಕು. ಹಕ್ಕುಗಳನ್ನು ಹುಡುಕಿ ಹುಡುಕಿ ಕೊಂಡುಕೊಂಡವರೂ ಅವರೇ ಆದ್ದರಿಂದ ಸುಡುವ ಅಧಿಕಾರವೂ ಅವರಿಗೇ ಇತ್ತು. ಹಳೆಯ ಗೆಳತಿ ಲಿಲಿಯನ್ ಗಿಶ್ ಬೇಡವೆಂದು ಒತ್ತಾಯಿಸಿದರು. 1940ರ ದಶಕದಲ್ಲಿ ಬಹಳಷ್ಟು ಚಿತ್ರಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು; ಅಲ್ಲಿ ಈಗ ಅವರ ಹೆಸರಿನ ಚಿತ್ರಮಂದಿರವೂ ಇದೆ. ಮೂಕಿ ಕಾಲದ ಬಹುಪಾಲು ಚಿತ್ರಗಳು ನಾಶವಾಗಿರುವಾಗ ಮೇರಿಯವರ ಪೂರ್ಣಾವಧಿಯ ಚಿತ್ರಗಳಲ್ಲಿ ಹೆಚ್ಚಿನವು ನಮಗೆ ಸಿಗುವುದು ಈ ಕಾರಣದಿಂದ.

ಮೊದಲ ಸಲ ನೋಡುವವರು ಯಾವ ಚಿತ್ರದಿಂದ ಶುರು ಮಾಡಬೇಕು?

ಅವರ ಮೂಕಿ ಚಿತ್ರಗಳ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಈಗ ಮುಗಿದಿರುವುದರಿಂದ ಹಲವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮಸುಕಾದ, ಓಡೋಡುವ ಪ್ರತಿಯನ್ನು ಬಿಟ್ಟು ಶುದ್ಧಗೊಳಿಸಿದ ಪ್ರತಿಯನ್ನೇ ಹುಡುಕಬೇಕು. ತಪ್ಪು ವೇಗದಲ್ಲಿ ನೋಡಿ ಮೂಕಿ ಚಿತ್ರವೆಂದರೆ ಇಷ್ಟೇ ಎಂದು ಕೈಬಿಟ್ಟವರನ್ನು ನಾನು ಬಲ್ಲೆ.

‘ಪಾಲಿಯಾನಾ’ದಿಂದ ಶುರು ಮಾಡಬೇಡಿ, ಸಕ್ಕರೆ ಹೆಚ್ಚಾಯಿತು. ಕತ್ತಲೆಯ ಕಥೆ ಇಷ್ಟವಾದರೆ 1926ರ ‘ಸ್ಪ್ಯಾರೋಸ್’ ನೋಡಿ. ಮೊಸಳೆಗಳಿರುವ ಜೌಗಿನ ನಡುವೆ ಸೆರೆಯಾದ ಅನಾಥ ಮಕ್ಕಳನ್ನು ಹಿರಿಯ ಹುಡುಗಿ ದಾಟಿಸಿ ಕರೆದೊಯ್ಯುವ ಕಥೆ. ನನ್ನ ಸಲಹೆ ಮಾತ್ರ 1927ರ ‘ಮೈ ಬೆಸ್ಟ್ ಗರ್ಲ್’. ಇಲ್ಲಿ ಅವರು ಅಗ್ಗದ ಸಾಮಾನಿನ ಅಂಗಡಿಯಲ್ಲಿ ದಾಸ್ತಾನು ಹೊರುವ ಮ್ಯಾಗಿ, ಮಗುವಲ್ಲ. ಮೊದಲಲ್ಲೇ ಪಾತ್ರೆಗಳ ರಾಶಿಯನ್ನು ಹೊತ್ತು ಬಂದು ಬೀಳಿಸಿ, ಒಂದರಲ್ಲಿ ಕಾಲು ಸಿಕ್ಕಿಸಿಕೊಳ್ಳುತ್ತಾಳೆ. ಕೊನೆಯಲ್ಲಿ, ಮಾಲೀಕನ ಮಗನ ಬದುಕು ತನ್ನಿಂದ ಹಾಳಾಗಬಾರದೆಂದು, ತಾನು ದುಡ್ಡಿನಾಸೆಯ ಹೆಂಗಸೆಂದು ನಂಬಿಸಲು ಹೊರಡುತ್ತಾಳೆ: ತುಟಿಗೆ ಬಣ್ಣ ಮೆತ್ತಿಕೊಂಡು, ಸಂಗೀತ ಹಾಕಿ, ಕೆಟ್ಟವಳಂತೆ ಕುಣಿಯುತ್ತಾಳೆ. ಮೈ ಸುಳ್ಳು ಹೇಳುತ್ತಿರುವಾಗ ಕಣ್ಣು ಒಪ್ಪುವುದಿಲ್ಲ. ಆ ಎರಡು ಮೂರು ನಿಮಿಷ ಸಂಗೀತದ ಸದ್ದನ್ನು ನಿಲ್ಲಿಸಿ, ಅವರ ಮುಖವನ್ನಷ್ಟೇ ನೋಡಿ.